ತಳ್ಳೋ ಕಾರಿನ ಬೇಸಿಗೆ

ಆಗೆಲ್ಲ ನಮ್ಮ ಬೇಗೂರಿನಲ್ಲಿ ಕಾರಿದ್ದ ಮನೆಗೆ ಬೇರೆ ಗುರುತು ಬೇಕಿರಲಿಲ್ಲ. ಬಸ್ಸಿಳಿದವರು ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ "ಕಾರ್ ನಂಜಪ್ಪನ ಮನೆ ಎಲ್ಲದ?" ಎಂದು ಕೇಳಿದರೆ ಸಾಕು, ಟೀ ಸೋಸುತ್ತಿದ್ದವನು ತಲೆಯೆತ್ತದೆ ನಮ್ಮ ಬೀದಿಯತ್ತ ಕೈ ಮಾಡುತ್ತಿದ್ದ. ಆ ನಂಜಪ್ಪನ ಮಗಳು ನಾನು. ಮದುವೆ, ಹೆರಿಗೆ, ಮೈಸೂರಿನ ದೊಡ್ಡಾಸ್ಪತ್ರೆ, ಮಾದಪ್ಪನ ಬೆಟ್ಟ, ಯಾವುದಕ್ಕಾದರೂ ಜನ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಕಾರು ಡೀಸೆಲ್ಲಿನ ಹಳೇ ಅಂಬಾಸಿಡರ್. ಕೆನೆ ಬಣ್ಣದ್ದು ಎಂದು ಅಪ್ಪ ಹೇಳುತ್ತಿದ್ದ. ನಾನು ಕಂಡಾಗಿನಿಂದ ಅದು ತಳ ಹಿಡಿದ ಹಾಲಿನ ಬಣ್ಣಕ್ಕೆ ತಿರುಗಿತ್ತು.

ಇಷ್ಟೇ ಆಗಿದ್ದರೆ ಬೇಗೂರಿನಲ್ಲಿ ನನ್ನಷ್ಟು ಸುಖಿ ಇನ್ನೊಬ್ಬಳಿರುತ್ತಿರಲಿಲ್ಲ. ಆದರೆ ಹರದನಹಳ್ಳಿಯಲ್ಲಿ ದೊಡ್ಡವ್ವ ಇದ್ದಳು, ಅವ್ವನ ಒಡಹುಟ್ಟಿದ ಅಕ್ಕ. ಅವಳ ಗಂಡ ಮಹದೇವಪ್ಪ, ನನ್ನ ದೊಡ್ಡಪ್ಪ, ಅವನೂ ಒಂದು ಅಂಬಾಸಿಡರ್ ಇಟ್ಟಿದ್ದ. ಅಪ್ಪ, ದೊಡ್ಡಪ್ಪ ಇಬ್ಬರೂ ಷಡ್ಡಕರು. ಅಕ್ಕತಂಗಿಯರನ್ನು ಕಟ್ಟಿಕೊಂಡ ಗಂಡಸರ ನಡುವಿನ ತಕ್ಕಡಿ ಎಂಥದ್ದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡಪ್ಪನ ಕಾರು ಬೆಳ್ಳಗಿತ್ತು. ಸೀಟಿಗೆ ಹಸಿರು ಟವೆಲ್ಲಿನ ಹೊದಿಕೆ, ಕನ್ನಡಿಗೆ ತೂಗುಬಿಟ್ಟ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು, ಹಾಡುವ ಟೇಪು. ಇವೆಲ್ಲ ಒಂದು ತೂಕವಾದರೆ ಆ ಕಾರಿನ ಸೆಲ್ಫು ಒಂದು ತೂಕ. ಕೀ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಮೋಟರಿಗೆ ನಮ್ಮಲ್ಲಿ ಸೆಲ್ಫ್ ಎಂದೇ ಹೆಸರು. ನಮ್ಮ ಕಾರು ಕೆಮ್ಮಿ, ಕ್ಯಾಕರಿಸಿ, ಅಪ್ಪನ ಕೈಲಿ ಬೈಸಿಕೊಂಡು ಏಳುತ್ತಿತ್ತು. ದೊಡ್ಡಪ್ಪನದು ಒಂದೇ ಮಾತಿಗೆ 'ಡ್ರೂಂ' ಅನ್ನುತ್ತಿತ್ತು. ಹಬ್ಬಕ್ಕೆ ಅವರು ಬಂದು ವಾಪಸು ಹೊರಟಾಗ ನಾನು ಬಾಗಿಲ ಸಂದಿಯಲ್ಲಿ ನಿಂತು, ಇವತ್ತಾದರೂ ಅದು ಏಳದಿರಲಿ ಎಂದು ಕಾಯುತ್ತಿದ್ದೆ. ಒಂದು ದಿನವೂ ಅದು ನನ್ನ ಮಾತು ಕೇಳಲಿಲ್ಲ.

ಆ ಕಾರಿನ ಹಿಂದಿನ ಕಿಟಕಿಯಲ್ಲಿ ಕೈ ಬೀಸುತ್ತ ಹೋಗುವವಳು ಪ್ರೇಮ, ದೊಡ್ಡಪ್ಪನ ಕಿರಿ ಮಗಳು. ನನಗಿಂತ ಕೆಲವೇ ತಿಂಗಳಿಗೆ ದೊಡ್ಡವಳು. ಅವಳ ಜಡೆ ನನ್ನದಕ್ಕಿಂತ ಉದ್ದ, ಅವಳ ಲಂಗಕ್ಕೆ ಜರಿಯಂಚು, ಅವಳು ಕುಂಟೆಬಿಲ್ಲೆ ಆಡಿದರೆ ಬಿಲ್ಲೆ ಗೆರೆ ಮುಟ್ಟುತ್ತಲೇ ಇರಲಿಲ್ಲ. ಅವಳನ್ನು ಕಂಡರೆ ನನ್ನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು. ಈ ಕಾಯಿಲೆ ನನ್ನೊಬ್ಬಳದೂ ಅಲ್ಲ. ಹರದನಹಳ್ಳಿಗೆ ಹೋಗಿ ಬಂದ ಸಂಜೆ ಅವ್ವ ಪಾತ್ರೆ ತೊಳೆಯುವ ಸದ್ದೇ ಬೇರೆ ಇರುತ್ತಿತ್ತು. "ನಮ್ಮಕ್ಕನ ಅಣೆಬರವೇ ಬ್ಯಾರೆ ಬುಡು" ಎನ್ನುತ್ತ ತಪ್ಪಲೆಯನ್ನು ಕಲ್ಲಿನ ಮೇಲೆ ಕುಕ್ಕುತ್ತಿದ್ದಳು.

ಪ್ರೇಮಳ ಹತ್ತಿರ ಇಲ್ಲದ್ದು, ನನ್ನ ಹತ್ತಿರ ಇದ್ದದ್ದು ಒಂದೇ ಒಂದು: ನಮ್ಮ ಕಾರಿನ ಎರಡನೇ ಗೇರು.

ನಮ್ಮದು ಹ್ಯಾಂಡ್ ಗೇರಿನ ಗಾಡಿ. ಗೇರಿನ ಕಡ್ಡಿ ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿತ್ತು. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಅಪ್ಪ ಸ್ಟೇರಿಂಗಿಗೆ, ಬಾಡಿಗೆಗೆ ಕರೆದ ಯಜಮಾನರು ಕಿಟಕಿಗೆ, ನಡುವೆ ನಾನು. ಏರು ಹಾದಿಯಲ್ಲಿ ಅಪ್ಪ ಎರಡನೇ ಗೇರಿಗೆ ಹಾಕಿದರೆ ಅದು ಅಲ್ಲಿ ನಿಲ್ಲುತ್ತಿರಲಿಲ್ಲ, ತಟಕ್ಕನೆ ಕಳಚಿಕೊಂಡು ಬರುತ್ತಿತ್ತು. ಅದಕ್ಕೆ ಅಪ್ಪ "ಇಡ್ಕ ಮಂಜಿ!" ಎಂದು ಕೂಗುತ್ತಿದ್ದ. ನಾನು ಎರಡೂ ಕೈಯಲ್ಲಿ ಕಡ್ಡಿಯನ್ನು ಅವುಚಿ ಹಿಡಿಯುತ್ತಿದ್ದೆ. ಅದರ ನಡುಕ ಮೊಣಕೈ ಹತ್ತಿ, ಭುಜ ಹತ್ತಿ, ಹಲ್ಲಿನ ತನಕ ಬರುತ್ತಿತ್ತು. ಗೋಪಾಲಸಾಮಿ ಬೆಟ್ಟದ ತಿರುವುಗಳಲ್ಲಿ, ಬಿಸಿ ಡೀಸೆಲ್ಲಿನ ವಾಸನೆಯ ನಡುವೆ, ಇಡೀ ಕಾರನ್ನು ನಾನೇ ಮೇಲಕ್ಕೆತ್ತುತ್ತಿದ್ದೇನೆ ಅನ್ನಿಸುತ್ತಿತ್ತು. ಹಿಂದೆ ಕೂತವರು "ನಂಜಪ್ಪಾ, ನಿನ್ ಮಗ್ಳು ಗಟ್ಟಿಗಿತ್ತಿ ಕಣ" ಎನ್ನುತ್ತಿದ್ದರು. ಈ ಮಾತು ಪ್ರೇಮಳ ಕಿವಿಗೂ ಬೀಳುವಂತೆ ನಾನು ನೋಡಿಕೊಂಡಿದ್ದೆ.

ಆ ವರ್ಷ ಐದನೇ ಕ್ಲಾಸಿನ ಪರೀಕ್ಷೆ ಮುಗಿದು ರಜೆ ಬಂತು. ಮದುವೆಗಳ ಕಾಲ. ಹುಣಸೆಹಣ್ಣು ಬಡಿದು ಮುಗಿಸಿದ್ದ ಅಂಗಳಗಳಲ್ಲಿ ಚಪ್ಪರ ಏಳತೊಡಗಿತ್ತು. ಅಷ್ಟು ಹೊತ್ತಿಗೆ ನಮ್ಮ ಗಾಡಿಯ ಮೂರನೇ ಗೇರೂ ಎರಡನೆಯದರ ದಾರಿ ಹಿಡಿಯಿತು. ಅಪ್ಪ ಗುಂಡ್ಲುಪೇಟೆಯ ಕುಟ್ಟನ್ ಮೇಸ್ತ್ರಿಯ ಶೆಡ್ಡಿಗೆ ಕಾರು ಒಯ್ದ. ನಾನೂ ಹೋಗಿದ್ದೆ. ಕುಟ್ಟನ್ ಕೇರಳದಿಂದ ಬಂದು ಊಟಿ ರಸ್ತೆಯಲ್ಲಿ ನೆಲೆ ನಿಂತವನು. ಯಾವ ಗಾಡಿ ಬಂದರೂ ಅವನ ಬಾಯಲ್ಲಿ ಮೊದಲು ಬರುವುದು "ಶರಿಯಾವುಂ", ಅಂದರೆ ಸರಿಹೋಗುತ್ತದೆ. ಅವತ್ತು ಮಾತ್ರ ಅವನು ಅದನ್ನು ಹೇಳಲಿಲ್ಲ.

"ಇದ್ರ ಒಳಗೆ ಹಲ್ಲೇ ಉಳಿದಿಲ್ಲ ನಂಜಪ್ಪ. ಬೇರೆ ಗೇರ್‌ಬಾಕ್ಸ್ ನೋಡು."

ಆ ಬೇರೆ ಗೇರ್‌ಬಾಕ್ಸಿನ ಸುದ್ದಿ ತಂದವಳು ದೊಡ್ಡವ್ವ. ಅವಳ ದೊಡ್ಡ ಮಗಳು ಸುಧಕ್ಕನ ಮದುವೆ ಗೊತ್ತಾಗಿತ್ತು. ಅದನ್ನು ಹೇಳಲು ಬಂದವಳು, ಎಲೆಯಡಿಕೆ ಹಾಕಿಕೊಳ್ಳುತ್ತ ಮಾತಿಗೆ ಮಾತು ಬಂದು, ಪುಣಜನೂರು ಕಡೆಯ ವ್ಯಾಪಾರಿಯೊಬ್ಬನ ಅಂಬಾಸಿಡರ್ ಮರಕ್ಕೆ ಗುದ್ದಿ ನಜ್ಜುಗುಜ್ಜಾಗಿದೆ, ಚಾಮರಾಜನಗರದ ಗುಜರಿಯಲ್ಲಿ ಅದನ್ನು ಬಿಡಿಬಿಡಿಯಾಗಿ ಮಾರುತ್ತಿದ್ದಾರೆ ಎಂದಳು. "ನಮ್ಮಂಥದ್ದೇ ಇಂಜಿನ್ನಂತೆ ಕಣಮ್ಮಿ, ಆದ್ರ ಐದು ಗೇರಂತೆ. ನಮ್ಮವ್ರು ನಾಳಿಕೆ ಮದ್ಯಾನ ಓಗಿ ತತ್ತಾರಂತೆ."

ದೊಡ್ಡಪ್ಪನ ಗೇರ್‌ಬಾಕ್ಸಿಗೆ ಆಗ ಏನೂ ಆಗಿರಲಿಲ್ಲ. ಐದು ಗೇರು ಬೇಕು ಅನ್ನುವುದು ಅವನ ಷೋಕಿ. ರಾತ್ರಿಯೂಟಕ್ಕೆ ಮುದ್ದೆ ಇಕ್ಕುವಾಗ ಅವ್ವ ಈ ಮಾತನ್ನು ಅಪ್ಪನ ತಟ್ಟೆಗೂ ಇಕ್ಕಿದಳು. ಅಪ್ಪ ಬಸ್ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಕೈ ತೊಳೆದು ಮಲಗಿದ. ಬೆಳಿಗ್ಗೆ ನಾನೇಳುವ ಹೊತ್ತಿಗೆ ಮೊದಲ ಬಸ್ಸು ಹತ್ತಿ ಹೊರಟುಹೋಗಿದ್ದ.

ಮಧ್ಯಾಹ್ನಕ್ಕೆ ಗೂಡ್ಸ್ ಆಟೋದಲ್ಲಿ ಗೋಣಿಚೀಲ ಸುತ್ತಿದ ಐದು ಗೇರಿನ ಡಬ್ಬ ನಮ್ಮ ಜಗಲಿಗೆ ಬಂತು. ಎಣ್ಣೆ ತೊಟ್ಟಿಕ್ಕಿ ಅವ್ವ ಬಿಟ್ಟಿದ್ದ ರಂಗೋಲಿ ಕಪ್ಪಾಯಿತು. ಅವಳು ಬಯ್ಯಲಿಲ್ಲ. ಕೊಳೆತ ಬೆಳ್ಳುಳ್ಳಿಯಂಥ ಘಾಟು ಹೊಡೆಯುತ್ತಿದ್ದ ಆ ಕಬ್ಬಿಣದ ಪಕ್ಕದಲ್ಲಿ ನಾನು ಸಂಜೆಯವರೆಗೂ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿಕೊಂಡು ತಿನ್ನುತ್ತ ಕೂತಿದ್ದೆ. ಪ್ರೇಮಳ ಕಾರಿಗೆ ಐದು ಗೇರಿಲ್ಲ. ನಮಗಿದೆ. ಅಷ್ಟು ರುಚಿಯಾದ ಮಾವಿನಕಾಯಿ ನಾನು ಮತ್ತೆ ತಿಂದಿಲ್ಲ.

ದೊಡ್ಡಪ್ಪ ಹೇಳಿದಂತೆ ಮಧ್ಯಾಹ್ನವೇ ಗುಜರಿಗೆ ಹೋದ. ಗೇರ್‌ಬಾಕ್ಸ್ ಇರಲಿಲ್ಲ. ಒಯ್ದವರು ಯಾರೆಂದು ಅಂಗಡಿಯವನು ಹೇಳಿದ. ದೊಡ್ಡಪ್ಪ ಎಂಜಿನ್ನಿನ ಹಿಂದೆ ಇನ್ನೂ ಅಂಟಿಕೊಂಡಿದ್ದ ಮೂರು ಸಾಮಾನುಗಳನ್ನು ಬಿಚ್ಚಿಸಿ ಮನೆಗೆ ತೆಗೆದುಕೊಂಡು ಹೋದನಂತೆ. "ನಂಜ ಆ ಡಬ್ಬ ಮಡಿಕೊಂಡು ಪೂಜೆ ಮಾಡ್ಲಿ" ಎಂದನಂತೆ. ಈ ಮಾತು ನಮಗೆ ತಲುಪಿದ್ದು ಬಸ್ಸಿನ ಕಂಡಕ್ಟರನಿಂದ.

ಆ ಮಾತಿನ ಅರ್ಥ ಕುಟ್ಟನ್ ಮೇಸ್ತ್ರಿಯ ಶೆಡ್ಡಿನಲ್ಲಿ ತಿಳಿಯಿತು. ಅವನು ಎರಡೂ ಕೈಗಳನ್ನು ಚಕ್ರಗಳಂತೆ ಹಿಡಿದು ಅಪ್ಪನಿಗೆ ತೋರಿಸಿದ. ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರದ ಚಕ್ರ, ಅದರ ಸುತ್ತ ಹಲ್ಲು. ಸೆಲ್ಫಿನ ಮೂತಿಗೆ ಒಂದು ಪುಟ್ಟ ಹಲ್ಲಿನ ಚಕ್ರ. ಕೀ ತಿರುಗಿಸಿದರೆ ಪುಟ್ಟದ್ದು ಮುಂದಕ್ಕೆ ನುಗ್ಗಿ ದೊಡ್ಡದನ್ನು ಕಚ್ಚಿ ತಿರುಗಿಸಬೇಕು. ಈ ಎರಡನ್ನೂ ಸರಿಯಾದ ದೂರದಲ್ಲಿ ಹಿಡಿದು, ಗೇರ್‌ಬಾಕ್ಸನ್ನು ಎಂಜಿನ್ನಿಗೆ ಜೋಡಿಸುವುದು ಬೆಲ್ ಹೌಸಿಂಗು, ಗಂಟೆಯಂತೆ ಬಾಯಗಲದ ಒಂದು ಹೊದಿಕೆ.

"ಈ ಮೂರೂ ಒಂದೇ ಮನೇದು ಆಗ್ಬೇಕು. ನಿನ್ನ ಹಳೇ ಹೌಸಿಂಗಿಗೆ ಈ ಡಬ್ಬ ಕೂರೂಲ್ಲ. ಇದರದ್ದು ಈಗ ನಿನ್ನ ಷಡ್ಡಕನ ಮನೇಲಿ ಉಂಟಲ್ಲ?"

"ಅದೊಂದ್ ಬುಟ್ಟು ಬ್ಯಾರೆ ಯೋಳು" ಎಂದ ಅಪ್ಪ.

ಕುಟ್ಟನ್ ಗಡ್ಡ ಕೆರೆದುಕೊಂಡ. ಮೂಲೆಯಲ್ಲಿ ಬಿದ್ದಿದ್ದ ಯಾವುದೋ ವ್ಯಾನಿನ ಹೌಸಿಂಗನ್ನು ಕಾಲಿನಿಂದ ಹೊರಳಿಸಿ ನೋಡಿದ. "ಶರಿಯಾವುಂ" ಎಂದ.

ಲೇತಿನಂಗಡಿಗೆ ಒಯ್ದು ಹೊಸ ತೂತು ಕೊರೆಸಿ, ಆ ವ್ಯಾನಿನ ಹೌಸಿಂಗಿನ ಮೂಲಕ ಡಬ್ಬವನ್ನು ನಮ್ಮ ಎಂಜಿನ್ನಿಗೆ ಕೂರಿಸಿದ. ಒಳಗೆ ಫ್ಲೈವೀಲು ನಮ್ಮ ಹಳೆಯದೇ, ಸೆಲ್ಫೂ ನಮ್ಮ ಹಳೆಯದೇ. ಕಾರಿನ ನೆಲ ಕತ್ತರಿಸಿ ಹೊಸ ಗೇರಿನ ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ತಂದ. ಎಲ್ಲ ಮುಗಿಸಿ ಅಪ್ಪ ಕೀ ತಿರುಗಿಸಿದ. ಸೊಂಯ್ ಎಂದಿತು, ಅಷ್ಟೇ. ಸೆಲ್ಫು ತನ್ನಷ್ಟಕ್ಕೆ ಸುತ್ತುತ್ತಿತ್ತು. ಅದರ ಹಲ್ಲು ಫ್ಲೈವೀಲಿನ ಹಲ್ಲಿಗೆ ಎಟುಕುತ್ತಿರಲಿಲ್ಲ. ನಡುವೆ ಉಗುರಿನಷ್ಟು ಜಾಗ. ಕುಟ್ಟನ್ ತೂತನ್ನು ಅರದಿಂದ ಉಜ್ಜಿ ಸೆಲ್ಫನ್ನು ಹತ್ತಿರ ಸರಿಸಿದ. ಈ ಸಲ 'ಕರ್ರ್' ಎಂದು ಮೈ ಜುಮ್ಮೆನ್ನುವ ಸದ್ದಾಗಿ ಹಲ್ಲಿನ ಚೂರುಗಳು ಕೆಳಗುದುರಿದವು. ಮತ್ತೆ ಹಿಂದಕ್ಕೆ ಸರಿಸಿದ.

"ತಳ್ಳಿದ್ರೆ ಏಳ್ತದೆ" ಎಂದ, ನಮ್ಮ ಮುಖ ನೋಡದೆ.

ತಳ್ಳಿದರೆ ಎದ್ದಿತು. ಎದ್ದ ಮೇಲೆ ಬೆಣ್ಣೆಯಂತೆ ಹೋಯಿತು. ಹೆದ್ದಾರಿಗೆ ಬಂದು ಐದನೇ ಗೇರಿಗೆ ಹಾಕಿದಾಗ ಎಂಜಿನ್ ತಗ್ಗಿದ ದನಿಯಲ್ಲಿ ಗುನುಗತೊಡಗಿತು. ಅಪ್ಪ ನಕ್ಕ. ಅವನ ಎಡಗೈ ನೆಲದಿಂದೆದ್ದ ಆ ಕಡ್ಡಿಯ ಗುಬಟಿನ ಮೇಲೇ ಇತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ನನ್ನ ನಡುವಿನ ಜಾಗದಲ್ಲಿ ಈಗ ಅದು ನಿಂತಿತ್ತು. "ಇನ್ಮೇಕೆ ಇಡ್ಕಳದೇ ಬ್ಯಾಡ ಕಣಮ್ಮಿ, ತಾನೇ ನಿಲ್ತದ" ಎಂದು ಅಪ್ಪ ಸಂತೋಷದಿಂದ ಹೇಳಿದ. ಅದುವರೆಗೆ ನಾನು ಮನುಷ್ಯರ ಮೇಲೆ ಮಾತ್ರ ಹೊಟ್ಟೆಕಿಚ್ಚು ಪಟ್ಟಿದ್ದೆ. ಅವತ್ತು ಒಂದು ಕಬ್ಬಿಣದ ಕಡ್ಡಿಯ ಮೇಲೆ ಪಟ್ಟೆ.

ಆ ಬೇಸಿಗೆಯೆಲ್ಲ ನಾವು ಕಾರು ತಳ್ಳಿದೆವು. ಬೆಳಿಗ್ಗೆ ನೀರು ಚಿಮುಕಿಸಿದ ಬೀದಿಯಲ್ಲಿ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕಡೆ, ನಾನೊಂದು ಕಡೆ. ಎಂಜಿನ್ ಎದ್ದ ಕೂಡಲೇ ಕರಿ ಹೊಗೆ ನಮ್ಮ ಮುಖಕ್ಕೇ. ಅಪ್ಪ ಹೋದಲ್ಲೆಲ್ಲ ಇಳಿಜಾರು ಹುಡುಕಿ ನಿಲ್ಲಿಸುತ್ತಿದ್ದ. ಇಳಿಜಾರು ಸಿಗದ ಊರಲ್ಲಿ ಎಂಜಿನ್ ನಿಲ್ಲಿಸದೆ ಡೀಸೆಲ್ ಸುಡುತ್ತಿದ್ದ. ಮೊದಮೊದಲು ಬಾಡಿಗೆಯವರು ನಗುತ್ತ ಇಳಿದು ತಳ್ಳುತ್ತಿದ್ದರು. ಆಮೇಲೆ ಗುಂಡ್ಲುಪೇಟೆಯಲ್ಲಿ ಒಂದು ಮದುವೆಯಾಯಿತು. ಹೆಣ್ಣು ಒಳಗೆ ಕೂತಿದ್ದಾಳೆ, ದಿಬ್ಬಣದ ಗಂಡಸರು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳುತ್ತಿದ್ದಾರೆ. ಹುಡುಗನ ಅಜ್ಜಿ ಹಣೆ ಹಣೆ ಬಡಿದುಕೊಂಡಳಂತೆ. "ತುಂಬಿದ್ ಮನೆಗೆ ಬರೋ ಎಣ್ಣ ಇಂಗಾ ತಳ್ಕಂಡ್ ಬರದು!" ಮಾತು ಊರೂರು ಸುತ್ತಿತು. ಆಮೇಲೆ ಮದುವೆಗೆಂದು ನಮ್ಮ ಜಗಲಿಗೆ ಬಂದು ಕೂರುವವರು ಕಡಿಮೆಯಾದರು. ಬೇಡ ಎಂದವರೆಲ್ಲ ಹರದನಹಳ್ಳಿಗೆ ಹೋಗುತ್ತಿದ್ದರು. ಕಾಡಿನ ದಾರಿಯ ಬಾಡಿಗೆಗೆ ಅವ್ವನೇ ಅಡ್ಡ ನಿಂತಳು. "ಬಂಡೀಪುರದ ನಡೂಕ ನಿಂತೋದ್ರ ಯಾರ್ ಇಳ್ದು ತಳ್ಳದು? ಆನೆ ತಳ್ತದಾ?"

ನೆಂಟರ ಮನೆಯ ನಾಮಕರಣದಲ್ಲಿ ಪ್ರೇಮ ಸಿಕ್ಕಳು. ಅಣ್ಣೆಕಲ್ಲು ಆಡುತ್ತ ಕೂತ ಹುಡುಗಿಯರ ನಡುವೆ, ಕಲ್ಲು ಮೇಲಕ್ಕೆಸೆದು, "ಬೇಗೂರವ್ರದು ತಳ್ಳೋ ಕಾರಂತೆ ಕಣ್ರೇ" ಎಂದಳು. ಕಲ್ಲು ಹಿಡಿದಳು ಕೂಡ. ಎಲ್ಲರೂ ನಕ್ಕರು. ನನಗೆ ಅವಳ ಉದ್ದ ಜಡೆ ಹಿಡಿದು ಜಗ್ಗಬೇಕು ಅನ್ನಿಸಿತು. ಜಗ್ಗಲಿಲ್ಲ, ಕಲ್ಲು ಬಿಟ್ಟು ಎದ್ದು ಹೋಗಿ ಅವ್ವನ ಸೆರಗಿನ ಹಿಂದೆ ಕೂತೆ. ಅವ್ವನೂ ಅವತ್ತು ದೊಡ್ಡವ್ವನ ಹತ್ತಿರ ಮಾತಾಡದೆ ಹಿಂದಿರುಗಿದಳು.

ಸುಧಕ್ಕನ ಮದುವೆ ಹತ್ತಿರ ಬಂದಾಗ ದೊಡ್ಡಪ್ಪನ ಗಾಡಿಗೂ ಕಾಲ ಬಂತು. ಲಗ್ನಪತ್ರಿಕೆ ಹಂಚಲು ಊರೂರು ಸುತ್ತುವಾಗ ಅವನ ಗೇರ್‌ಬಾಕ್ಸ್ ಮುರಿಯಿತು. ಎತ್ತು ಕಟ್ಟಿ ಎಳೆದು ತಂದರಂತೆ. ಬೇರೆ ಡಬ್ಬ ಮದುವೆಯೊಳಗೆ ಎಲ್ಲೂ ಸಿಗಲಿಲ್ಲ. ಹೌಸಿಂಗು, ಫ್ಲೈವೀಲು, ಸೆಲ್ಫು ಅವನ ಮನೆಯಲ್ಲಿ. ಅವುಗಳ ಜೊತೆಯ ಡಬ್ಬ ನಮ್ಮ ಕಾರಿನ ಹೊಟ್ಟೆಯಲ್ಲಿ. ಈ ಸುದ್ದಿ ಕೇಳಿದಾಗ ನನಗಾದ ಖುಷಿಯನ್ನು ನಾನು ಯಾರಿಗೂ ಹೇಳಲಿಲ್ಲ. ಅವ್ವ ಮಾತ್ರ ಮಾರನೆಯ ದಿನ "ಅಕ್ಕನ ಮಗ್ಳ ಮದ್ವೆ. ಅಪ್ಪಳ ಒತ್ತಕ್ಕೆ ಓಗ್ದೆ ಇರಕಾದ್ದಾ?" ಎಂದು ಹೊರಟಳು. ಅಪ್ಪ ನಮ್ಮಿಬ್ಬರನ್ನು ದೊಡ್ಡವ್ವನ ಬಾಗಿಲಿಗೆ ಬಿಟ್ಟು, ಎಂಜಿನ್ ಆರಿಸದೆ, ಇಳಿಯದೆ, ಹಾಗೇ ಹಿಂದಿರುಗಿದ.

ಹಿತ್ತಲಲ್ಲಿ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಒಂದು ಹಲ್ಲುಗಳ ಚಕ್ರ ಕೂತಿತ್ತು. ಗಾಳಿಗೆ ಮುಚ್ಚಳ ಹಾರದಿರಲೆಂದು ದೊಡ್ಡವ್ವ ಇಟ್ಟಿದ್ದಳು. ಅದೇ ಫ್ಲೈವೀಲು. ನಾನು ಅದರ ಹಲ್ಲುಗಳ ಮೇಲೆ ಬೆರಳಾಡಿಸುತ್ತಿದ್ದಾಗ ಪ್ರೇಮ ಬಂದಳು. ಜಗಳ ಮಾಡಲು ನಾನು ಸಿದ್ಧವಾಗಿದ್ದೆ. ಅವಳು ಹೊಂಗೆ ಮರದ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದ ಅವರ ಕಾರಿನ ಕಡೆ ನೋಡಿ, ಮೆಲ್ಲಗೆ ಕೇಳಿದಳು.

"ನಿಮ್ಮಪ್ಪ ನಿನ್ನ ಮುಂದ್ಗಡೆ ಕೂರ್ಸ್ಕಂಡು ಗೇರ್ ಇಡ್ಸ್ತಿದ್ನಂತಲ್ಲ. ಅದು ಎಂಗಿರ್ತದ ಮಂಜಿ?"

"ಯಾಕೆ, ನೀನ್ ಮುಂದ್ಗಡೆ ಕೂರಲ್ವಾ?"

"ಅಪ್ಪ ಎಲ್ ಬುಟ್ಟಾನು? ಇಂದ್ಗಡೆ ಕೂರ್ಬೇಕಾದ್ರೂ ಕಾಲ್ ತೊಳ್ಕಂಡ್ ಅತ್ಬೇಕು. ಟೇಪ್ ಮುಟ್ಟುದ್ರ ಏಟು."

ನಾನು ಡ್ರಮ್ಮಿಗೆ ಒರಗಿ ನಿಂತು ಎಲ್ಲ ಹೇಳಿದೆ. ಬೆಟ್ಟದ ತಿರುವು, ಕಡ್ಡಿಯ ನಡುಕ, ಅಪ್ಪನ ಕೂಗು, ಬಿಟ್ಟರೆ ಗಾಡಿ ಹಿಂದಕ್ಕೆ ಉರುಳೇ ಉರುಳುತ್ತದೆ ಎಂಬ ಭಯ. ಇಲ್ಲದ್ದನ್ನೂ ಸೇರಿಸಿದೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಿದೆ. ಕೆಳತುಟಿ ಒಳಗೆಳೆದುಕೊಂಡಿದ್ದಳು, ಕಣ್ಣು ಕಿರಿದಾಗಿತ್ತು. ಆ ಮುಖ ಒಳಗಿನಿಂದ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೊರಗಿನಿಂದ ನೋಡಿದ್ದು ಅದೇ ಮೊದಲು. ಪ್ರೇಮಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಬಾಯಿಗೆ ಬೆಲ್ಲದ ಅಚ್ಚು ಬಿದ್ದಂತಾಯಿತು. ಆ ಜಾಗ ಈಗ ನನಗೂ ಇಲ್ಲ ಅನ್ನುವುದನ್ನು ಹೇಳಲು ನಾಲಗೆ ಏಳಲಿಲ್ಲ.

ನಡುಮನೆಯಲ್ಲಿ ಹೆಂಗಸರು ಸುತ್ತ ಕೂತು ಉದ್ದಿನ ಹಿಟ್ಟು ಕುಟ್ಟಿ, ಎಣ್ಣೆ ಕೈಯಲ್ಲಿ ಉಂಡೆ ಮಾಡಿ, ಹಪ್ಪಳ ಒತ್ತುತ್ತಿದ್ದರು. ಹಸಿ ಹಿಟ್ಟಿನಲ್ಲಿ ಇಂಗು, ಮೆಣಸಿನ ವಾಸನೆ. ಎಲ್ಲರ ಕಣ್ಣು ತಪ್ಪಿಸಿ ಒಂದೊಂದು ಉಂಡೆ ಬಾಯಿಗೆ ಹಾಕಿಕೊಳ್ಳುವುದೇ ನಮ್ಮ ಕೆಲಸ. ಅವ್ವ, ದೊಡ್ಡವ್ವ ಪಕ್ಕಪಕ್ಕದಲ್ಲೇ ಕೂತಿದ್ದರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಕೊನೆಗೆ ದೊಡ್ಡವ್ವ ಲಟ್ಟಣಿಗೆ ನಿಲ್ಲಿಸಿದಳು.

"ನಿನ್ ಗಂಡಂಗೆ ವಸಿ ಯೋಳ್ಬಾರ್ದಾ ಮಾದೇವಿ? ಆ ಡಬ್ಬ ಕೊಟ್ರ ಕೂಸು ಮದ್ವೆ ಒತ್ಗೆ ಕಾರು ಎದ್ ನಿಲ್ತದ."

"ನಿನ್ ಗಂಡಂಗೇ ಯೋಳಕ್ಕ ನೀನು. ನೀರ್ ಡ್ರಮ್ಮಿಗೆ ಮುಚ್ಚಕೆ ಕಲ್ಲು ಸಿಕ್ನಿಲ್ಲ ಅಂತ ಆ ಚಕ್ರ ತಂದ್ನಾ?"

ಒತ್ತುತ್ತಿದ್ದ ಕೈಗಳೆಲ್ಲ ನಿಂತವು. ದೊಡ್ಡವ್ವನ ಮುಖ ಕೆಂಪಾಯಿತು. ಬಯ್ಯುತ್ತಾಳೆಂದುಕೊಂಡೆ. ಅವಳು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

"ಆವತ್ ನಿನ್ ಮನೇಲಿ ಈ ಬಾಯ ಇಂಗೇ ಮುಚ್ಕಬೇಕಾಗಿತ್ತು ಕಣಮ್ಮಿ. ಐದು ಗೇರು ಐದು ಗೇರು ಅಂತ ಬಡ್ಕೊಂಡವ್ಳು ನಾನೇ ಅಲ್ವಾ."

"ಮುದ್ದೆ ಇಕ್ಕುವಾಗ ನಾನೂ ಮುಚ್ಕಬೇಕಾಗಿತ್ತು ಬುಡು" ಎಂದಳು ಅವ್ವ. ದೊಡ್ಡವ್ವನ ಮೀಸೆಯ ಜಾಗದಲ್ಲಿ ಹಿಟ್ಟು ಮೆತ್ತಿತ್ತು. ಅವ್ವ ಅದನ್ನು ನೋಡಿದಳು. ಇಬ್ಬರೂ ನಗಲು ಶುರು ಮಾಡಿದವರು, ಕಣ್ಣಲ್ಲಿ ನೀರು ಬಂದು ಸೆರಗಿನಲ್ಲಿ ಒರೆಸಿಕೊಳ್ಳುವವರೆಗೂ ನಿಲ್ಲಲಿಲ್ಲ.

ಸಂಜೆ ಅಪ್ಪ ನಮ್ಮನ್ನು ಕರೆದೊಯ್ಯಲು ಬಂದ. ಆಗಲೂ ಎಂಜಿನ್ ಆರಿಸದೆ ಬಾಗಿಲಲ್ಲೇ ನಿಲ್ಲುವ ಯೋಚನೆ ಅವನದು. ಬೀದಿಗೆ ಅಡ್ಡ ಒಂದು ಮೇಕೆಮರಿ ನುಗ್ಗಿತು. ಅಪ್ಪ ಬ್ರೇಕ್ ತುಳಿದ, ಕ್ಲಚ್ಚಿನಿಂದ ಕಾಲು ತಪ್ಪಿತು, ಕಾರು ಜಗ್ಗಿ ಆರಿಹೋಯಿತು. ಸರಿಯಾಗಿ ದೊಡ್ಡಪ್ಪನ ಜಗಲಿಯ ಮುಂದೆ. ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದ.

ಅಪ್ಪ ಗೊತ್ತಿದ್ದೂ ಗೊತ್ತಿದ್ದೂ ಕೀ ತಿರುಗಿಸಿದ. ಸೊಂಯ್. ಬೀದಿಗೆಲ್ಲ ಕೇಳಿಸಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವ್ವ ಹಪ್ಪಳದ ಗಂಟನ್ನು ಒಳಗಿಟ್ಟು ಸೆರಗು ಸಿಕ್ಕಿಸಿದಳು. ಇಬ್ಬರೂ ಹಿಂದೆ ಹೋಗಿ ಕೈ ಕೊಟ್ಟೆವು. ಬೀದಿ ಏರು. ಅಪ್ಪ ಇಳಿದು ಬಾಗಿಲಿಗೆ ಭುಜ ಕೊಟ್ಟರೂ ಕಾರು ಅಲುಗಿ ಅಲುಗಿ ಅಲ್ಲೇ ನಿಂತಿತು.

ದೊಡ್ಡಪ್ಪ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ನಗುತ್ತಾನೆ ಎಂದು ನಾನು ಕಾದೆ. ಅವನು ಎದ್ದ, ಪಂಚೆ ಮೇಲಕ್ಕೆ ಕಟ್ಟಿದ, ಮೆಟ್ಟಿಲಿಳಿದು ಬಂದ. "ವಸಿ ಅತ್ಲಾಗಿ ನಿಂತ್ಕ ಮಾದೇವಿ" ಎಂದು ಅವ್ವನನ್ನು ಸರಿಸಿ, ಇಸ್ತ್ರಿ ಅಂಗಿಯ ಭುಜವನ್ನೇ ಡಿಕ್ಕಿಗೆ ಕೊಟ್ಟ. "ಕೂತ್ಕಳ್ಲಾ ನಂಜ. ಎರಡನೇ ಗೇರಿಗಾಕು." ದೊಡ್ಡವ್ವ ಓಡಿ ಬಂದಳು. ಪ್ರೇಮ ಲಂಗ ಎತ್ತಿ ಸಿಕ್ಕಿಸಿಕೊಂಡು ನನ್ನ ಪಕ್ಕಕ್ಕೆ ನುಗ್ಗಿ, "ಸರ್ಕಳೇ, ನಂಗೂ ತಳ್ಬೇಕು ಅಂತ ಎಷ್ಟ್ ಆಸೆ ಇತ್ತು ಗೊತ್ತಾ" ಎಂದಳು. ಅವಳ ಕೈ ನನ್ನ ಕೈಗಿಂತ ಒಳ್ಳೆಯ ಜಾಗ ಹಿಡಿಯಿತು. ಆ ಗಳಿಗೆಯಲ್ಲೂ ನನಗೆ ಅದು ಕಂಡಿತು. ಕಾರು ಏರು ಹತ್ತಿತು, ಎದ್ದಿತು. ದೊಡ್ಡಪ್ಪನ ಬಿಳಿ ಅಂಗಿಯ ಮೇಲೆ ಹೊಗೆ ಕವಿಯಿತು.

ಅಪ್ಪ ಬೀದಿಯ ತುದಿಗೆ ಹೋಗಿ ತಿರುಗಿಸಿಕೊಂಡು ಬಂದು ನಿಂತ. ಎಂಜಿನ್ ಗುನುಗುತ್ತಿತ್ತು.

"ಎಂಗದಲಾ ಡಬ್ಬ?" ದೊಡ್ಡಪ್ಪ ಕೇಳಿದ.

"ಬೆಣ್ಣೆ ಕಣಣ್ಣ. ಎದ್ದೇಳದೊಂದೇ ಕಷ್ಟ."

"ನನ್ದು ಎದ್ದೇಳ್ತದ. ಓಗದೊಂದೇ ಕಷ್ಟ."

ಯಾರೂ ನಗಲಿಲ್ಲ. ಅಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ: "ಬಿಚ್ಕಳಣ್ಣ."

"ಏನ?"

"ಡಬ್ಬವ. ಸುಧನ ತಳ್ಳೋ ಕಾರಲ್ಲಿ ಕಳ್ಸದ್ ಬ್ಯಾಡ."

"ನಿನ್ ಗಾಡಿ ಗತಿ?"

"ನೋಡನ ಬುಡು."

ದೊಡ್ಡಪ್ಪ ಅಂಗಿಯ ಮಸಿ ಕೊಡವಿಕೊಂಡ. ಆಗ ಅವನು ಹೇಳಿದ ಮಾತು ನನಗೆ ಇಂದಿಗೂ ಅವನ ದನಿಯಲ್ಲೇ ಕೇಳಿಸುತ್ತದೆ. "ಆ ಚಕ್ರ ನಿನ್ ಮನೆಗೆ ಕಳ್ಸ್ಬೇಕು ಅಂತ ಎಷ್ಟೋ ಸತಿ ಅಂದ್ಕಂಡಿ ಕಣ್ಲಾ. ಕೈ ಬರ್ನಿಲ್ಲ. ನನ್ ಗಾಡಿ ಅಷ್ಟ್ ಬೆಳ್ಳಗ್ ತೊಳ್ದು ನಿಲ್ಸಿರ್ತೀನಿ. ನಮ್ಮತ್ತೆ ಮಾತ್ರ ಚಿಕ್ಕಳಿಯನ ಕಾರು ಬರ್ಲಿ ಅಂತ ಕಾಯ್ಕಂಡ್ ಕೂತಿರ್ತಾಳ. ಜನವೂ ಅಷ್ಟೇ, ನಂಜಪ್ಪ ನಂಜಪ್ಪ. ನನ್ ಕಾರಿಗೆ ಏನ್ಲಾ ಕಮ್ಮಿಯಾಗಿತ್ತು?"

 ಆ ಬೆಳ್ಳನೆ ಕಾರಿನ ಯಜಮಾನ ನಮ್ಮ ತಳ ಹಿಡಿದ ಹಾಲಿನ ಬಣ್ಣದ ಕಾರಿನ ಮೇಲೆ ಕರುಬುತ್ತಿದ್ದ ಎನ್ನುವುದು ಅಪ್ಪನ ಕನಸಿಗೂ ಬಂದಿರಲಿಲ್ಲ.

ದೊಡ್ಡವರೆಲ್ಲ ಅವತ್ತು ಹಗುರಾದರು. ನಾನಾಗಲಿಲ್ಲ. ನಮ್ಮ ಐದು ಗೇರು ಪ್ರೇಮಳ ಕಾರಿಗೆ ಹೋಗುತ್ತದೆ ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ಚಪ್ಪರ ಹಾಕುವ ದಿನ ಕುಟ್ಟನ್ ಮೇಸ್ತ್ರಿ ಹರದನಹಳ್ಳಿಗೆ ಬಂದ. ಹೊಂಗೆ ಮರದ ಕೆಳಗೆ ನಮ್ಮ ಕಾರು, ಅವರ ಕಾರು ಅಕ್ಕಪಕ್ಕ. ನಮ್ಮದರ ಹೊಟ್ಟೆಯಿಂದ ಡಬ್ಬ ಇಳಿಯಿತು. ಡ್ರಮ್ಮಿನ ಮೇಲಿಂದ ಫ್ಲೈವೀಲು ಬಂದು, ತುಕ್ಕು ಉಜ್ಜಿಸಿಕೊಂಡು, ಅವರ ಎಂಜಿನ್ನಿಗೆ ಕೂತಿತು. ಅದರ ಮೇಲೆ ಅದರದೇ ಹೌಸಿಂಗು, ಅದರ ಪಕ್ಕಕ್ಕೆ ಅದರದೇ ಸೆಲ್ಫು, ಹಿಂದಕ್ಕೆ ಡಬ್ಬ. ಒಂದೇ ಮನೆಯವು. ಗೇರಿನ ಕಡ್ಡಿಗೆಂದು ನೆಲ ಕತ್ತರಿಸಿದ್ದು ಬಿಟ್ಟರೆ ಎಲ್ಲೂ ಅರ ಹಾಕಲಿಲ್ಲ, ತೂತು ಕೊರೆಯಲಿಲ್ಲ. ಒಂದೊಂದು ಬೋಲ್ಟೂ ತನ್ನ ಜಾಗ ತಾನೇ ಹುಡುಕಿಕೊಂಡಂತೆ ಒಳಗಿಳಿಯಿತು. ನಾನು ಕಣ್ಮುಚ್ಚಿ, ಅಪ್ಪಾ ಮಾದಪ್ಪ, ಅದು ಸೊಂಯ್ ಅನ್ನಲಿ, ಒಂದೇ ಒಂದು ಸಲ ಸೊಂಯ್ ಅನ್ನಲಿ ಎಂದು ಬೇಡಿಕೊಂಡೆ.

ದೊಡ್ಡಪ್ಪ ಕೀಯನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ತಿರುಗಿಸಿದ. ಹಲ್ಲಿಗೆ ಹಲ್ಲು ಕೂಡಿ, ಒಂದೇ ಮಾತಿಗೆ, ಡ್ರೂಂ.

"ಶರಿಯಾಯಿ!" ಎಂದು ಕುಟ್ಟನ್ ಎಣ್ಣೆ ಕೈ ಮೇಲೆತ್ತಿದ. ಚಪ್ಪರದ ತೆಂಗಿನ ಗರಿ ಕಟ್ಟುತ್ತಿದ್ದವರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣೀರು ನೋಡಿ ದೊಡ್ಡವ್ವ "ಕೂಸಿಗೆ ಎಷ್ಟ್ ಸಂತೋಸ ನೋಡು" ಎಂದು ತಬ್ಬಿಕೊಂಡಳು.

ಸುಧಕ್ಕನನ್ನು ಗಂಡನ ಮನೆಗೆ ಕರೆದೊಯ್ದವನು ಅಪ್ಪನೇ. ನೆಲದ ಗೇರು ದೊಡ್ಡಪ್ಪನ ಕೈಗೆ ಇನ್ನೂ ಒಗ್ಗಿರಲಿಲ್ಲ. ಹೂ ಕಟ್ಟಿದ ಬೆಳ್ಳನೆ ಕಾರಿನಲ್ಲಿ ಮುಂದಿನ ಸೀಟು ಅವತ್ತು ಮೊದಲ ಸಲ ಪ್ರೇಮಳಿಗೆ ಸಿಕ್ಕಿತು. ನಾನು ಜನರ ನಡುವೆ ನಿಂತು ನೋಡಿದೆ. ನನ್ನಪ್ಪ, ನಮ್ಮ ಡಬ್ಬ, ಪಕ್ಕದಲ್ಲಿ ಅವಳು. ಕಾರು ಮರೆಯಾಗುವ ತನಕ ಒಳಗೆ ಮೆಣಸಿನಕಾಯಿ ಅರೆಯುತ್ತಲೇ ಇತ್ತು.

ನಮ್ಮ ಕಾರು ಮತ್ತೆ ಓಡಲಿಲ್ಲ. ಬೇಗೂರಿಗೆ ಎಳೆದು ತಂದು ಮನೆಯ ಪಕ್ಕದಲ್ಲಿ ನಿಲ್ಲಿಸಿದೆವು. ಅದರಡಿಯಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಅಪ್ಪ ದೊಡ್ಡಪ್ಪನ ಜೊತೆ ಪಾಲಿನಲ್ಲಿ ಆ ಬಿಳಿ ಕಾರನ್ನು ಕೆಲವು ವರ್ಷ ಓಡಿಸಿದ. ಅವ್ವನ ತಾಯಿ, ನಮ್ಮಜ್ಜಿಯೂ ಅದರಲ್ಲೇ ಕೂತಳು, ದೊಡ್ಡಪ್ಪನ ಆಸೆಯೂ ತೀರಿತು. ಆಮೇಲೆ ಹೊಸ ಗಾಡಿಗಳು ಬಂದವು, ಅದನ್ನೂ ಮಾರಿದರು. ಅಪ್ಪ ಶಾಲೆಯ ವ್ಯಾನಿಗೆ ಡ್ರೈವರ್ ಆದ. ನಾನು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದೆ, ಅಷ್ಟು ಆಸೆಪಟ್ಟು ತಂದ ಡಬ್ಬವನ್ನು ಒಂದೇ ಮಾತಿಗೆ ಯಾಕೆ ಕೊಟ್ಟುಬಿಟ್ಟೆ ಎಂದು. ಅಪ್ಪ ಯೋಚಿಸಲೇ ಇಲ್ಲ. "ಅವ್ನು ತಳ್ಳಕ್ ಬಂದ ಕಣಮ್ಮಿ" ಎಂದ.

ಈಗ ನಾನು ಚಾಮರಾಜನಗರದಲ್ಲಿ ಕೆಲಸದಲ್ಲಿದ್ದೇನೆ. ಪ್ರೇಮ ಗುಂಡ್ಲುಪೇಟೆಯಲ್ಲಿ ಗಂಡನ ಜೊತೆ ಚೆಂಡುಹೂವಿನ ವ್ಯಾಪಾರ ಮಾಡುತ್ತಾಳೆ. ಬಸ್ಸಿನಲ್ಲಿ ಹೋದರೂ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಹೋಗುವುದಿಲ್ಲ. ಆಗ ಅವರ ಮನೆಯಲ್ಲಿ ಸಾರಿಗೆ ಏನು ಹಾಕಿದರು, ಯಾರಿಗೆ ಯಾವ ಬಣ್ಣದ ಸೀರೆ ಬಂತು ಎನ್ನುವುದು ಸಂಜೆಯೊಳಗೆ ನಮಗೆ ತಿಳಿದು ಮೈ ಉರಿಯುತ್ತಿತ್ತು. ಈಗ ಅವಳ ಮಗಳು ಯಾವ ಕ್ಲಾಸಿನಲ್ಲಿದ್ದಾಳೆಂದು ಕೇಳಿದರೆ ನಾನು ತಡವರಿಸುತ್ತೇನೆ.

ಹೋದ ತಿಂಗಳು ಅವಳು ಫೋನಿಗೆ ಒಂದು ಫೋಟೊ ಕಳಿಸಿದ್ದಳು. ದೊಡ್ಡದೊಂದು ಹೊಸ ಕಾರು, ಬಾನೆಟ್ಟಿಗೆ ಅವಳ ವ್ಯಾಪಾರದ್ದೇ ಚೆಂಡುಹೂವಿನ ಹಾರ, ಪಕ್ಕದಲ್ಲಿ ಕೀ ಎತ್ತಿ ಹಿಡಿದು ನಗುತ್ತ ಅವಳು. ಫೋಟೊ ದೊಡ್ಡದು ಮಾಡಿ ಅವಳ ಮುಖ ನೋಡಿದೆ, ಕಾರು ನೋಡಿದೆ, ಮತ್ತೆ ಮುಖ ನೋಡಿದೆ. ಹೊಟ್ಟೆಯೊಳಗೆ ಏನಾದರೂ ಅಲುಗುತ್ತದೋ ಎಂದು ಸುಮ್ಮನೆ ಕಾದು ಕೂತೆ. ಏನೂ ಅಲುಗಲಿಲ್ಲ. ಅಂಗಡಿ ಬೀದಿಯಲ್ಲಿ ಗುರುತಿಲ್ಲದ ಯಾರದೋ ಕಾರು ನೋಡಿದಂತಿತ್ತು. 'ಚೆನ್ನಾಗಿದೆ' ಎಂದು ಬರೆದು ಕಳಿಸಿ, ಅನ್ನ ಹಾಕಿಕೊಂಡು, ಹೊಟ್ಟೆ ತುಂಬ ಉಂಡೆ.